ಪೆಟ್ಟಿಗೆಯಲ್ಲಿ ಬಂದದ್ದು ಏರೋಂಕಾ, ಹೊಲದಿಂದ ಹಾರಿದ್ದು ಪುಷ್ಪಕ್

ಏರೋಂಕಾ ಚೀಫ್ ವಿಮಾನದ ಆರನೇ ಒಂದು ಅಳತೆಯ ರೇಡಿಯೋ ನಿಯಂತ್ರಣದಿಂದ ಹಾರಿಸುವ, ಬಾಲ್ಸಾ ಮರದ ಮಾದರಿ ಕಿಟ್ಟೊಂದನ್ನು ಕಳೆದ ಜೂನ್‌ನಲ್ಲಿ ಬೆಂಗಳೂರಿನ ಅಂಗಡಿಯೊಂದರಿಂದ 14,500 ರೂಪಾಯಿ ಕೊಟ್ಟು ತಂದೆ. ಮೋಟಾರು, ಸರ್ವೋ, ಬ್ಯಾಟರಿ, ರಿಸೀವರ್‌ಗಳ ಖರ್ಚು ಬೇರೆ. ಅಮೆರಿಕದ ಈ ವಿಮಾನವನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಎಚ್‌ಎಎಲ್ ತಯಾರಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಇದರ ಹತ್ತಿರದ ಬಂಧು: ಅಕ್ಕಪಕ್ಕದಲ್ಲಿ ಎರಡು ಆಸನ, ತಲೆಯ ಮೇಲೆ 36 ಅಡಿ ರೆಕ್ಕೆ, ಬಟ್ಟೆಯ ಹೊದಿಕೆ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ಬೇಲಿಯ ಹೊರಗೆ ನಿಂತು ವಿಮಾನಗಳನ್ನು ನೋಡುತ್ತ ಬೆಳೆದ ನನಗೆ ಪುಷ್ಪಕ್ಕಿನ ಕಿಟ್ ಎಲ್ಲಿಯೂ ಸಿಗಲಿಲ್ಲವಾದ್ದರಿಂದ, ಬಂಧುವನ್ನೇ ತಂದು ವೇಷ ಬದಲಿಸಲು ನಿರ್ಧರಿಸಿದೆ.

ಮೊದಲು ಮೆಚ್ಚಬೇಕಾದದ್ದು ಲೇಸರ್ ಕಟಿಂಗ್. ರೆಕ್ಕೆಗೆ ಆಕಾರ ಕೊಡುವ ರಿಬ್ಬುಗಳನ್ನು ಹಾಳೆಯಿಂದ ಬಿಡಿಸುವಾಗ ಬ್ಲೇಡನ್ನು ಮುಟ್ಟಿಸಿದರೆ ಸಾಕಾಗುತ್ತಿತ್ತು, ರೆಕ್ಕೆಯ ಉದ್ದಕ್ಕೂ ಹೋಗುವ ಸ್ಪಾರ್ ಪಟ್ಟಿ ಕೂರುವ ಕಚ್ಚುಗಳಲ್ಲಿ ಒಂದನ್ನೂ ಉಜ್ಜಿ ದೊಡ್ಡದು ಮಾಡಬೇಕಾಗಲಿಲ್ಲ. ಮೈಕಟ್ಟಿನ ಎರಡು ಪಕ್ಕಗಳನ್ನು ನಕ್ಷೆಯ ಮೇಲಿಟ್ಟು, ಒಂದರ ಮೇಲೊಂದು ಜೋಡಿಸಿ ನೋಡಿದಾಗ ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ.

ಆದರೆ ಮರದ ಆಯ್ಕೆಯಲ್ಲಿ ತಯಾರಕರು ಅಷ್ಟು ಎಚ್ಚರ ವಹಿಸಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದಾಗ, ಮೂರು ಮಿಲಿಮೀಟರ್ ದಪ್ಪದ, ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು 34 ಗ್ರಾಂ, ಇನ್ನೊಂದು 58 ಗ್ರಾಂ ಬಂತು. ಬಾಲ್ಸಾ ಮರದಲ್ಲಿ ಇಂಥ ವ್ಯತ್ಯಾಸ ಸಹಜವೇ. ಅಸಹಜವಾದದ್ದು ಏನೆಂದರೆ, ಆ 58 ಗ್ರಾಮಿನ ಹಾಳೆಯಲ್ಲೇ ಬಾಲದ ಭಾಗಗಳೆಲ್ಲವನ್ನೂ ಕತ್ತರಿಸಿದ್ದರು. ಈ ವಿಮಾನದ ಮೂತಿ ಗಿಡ್ಡ, ಬಾಲ ಉದ್ದ. ಬಾಲದಲ್ಲಿ ಹೆಚ್ಚಾದ ಪ್ರತಿಯೊಂದು ಗ್ರಾಮಿಗೆ ಸಮತೋಲಕ್ಕಾಗಿ ಮೂತಿಯಲ್ಲಿ ಸುಮಾರು ಎರಡೂವರೆ ಗ್ರಾಂ ಸೀಸ ಇಡಬೇಕಾಗುತ್ತದೆ. ಹೀಗಾಗಿ ಕಿಟ್ಟಿನ ಬಾಲವನ್ನು ಅಚ್ಚಾಗಿ ಬಳಸಿಕೊಂಡು, ಹಗುರವಾದ ಹಾಳೆಯಲ್ಲಿ ಹೊಸದನ್ನೇ ಕೊರೆದುಕೊಂಡೆ. ಎರಡು ಸಂಜೆಗಳ ಕೆಲಸಕ್ಕೆ 22 ಗ್ರಾಂ ಇಳಿಯಿತು.

ಬ್ಯಾಟರಿ ತಟ್ಟೆಯ ವಿಷಯವೂ ಇದೇ. ಕಿಟ್ಟಿನಲ್ಲಿ ಅದು ಪೈಲಟ್ ಆಸನದ ಕೆಳಗಿದೆ, ನೋಡಲು ಅಚ್ಚುಕಟ್ಟು, ಆದರೆ ಭಾರ ಹಿಂದಾಗುತ್ತದೆ. ಮೈಕಟ್ಟಿನ ಅಡ್ಡಚೌಕಟ್ಟುಗಳಲ್ಲಿ (ಫಾರ್ಮರ್) ಎರಡನೆಯದರಲ್ಲಿ ಕಿಂಡಿ ಕೊರೆದು, ಅದರ ಸುತ್ತ ತೆಳು ಪ್ಲೈವುಡ್ಡಿನ ಪಟ್ಟಿ ಅಂಟಿಸಿ, 400 ಗ್ರಾಂ ತೂಗುವ ಲೈಪೋ ಬ್ಯಾಟರಿಯನ್ನು 7 ಸೆಂಟಿಮೀಟರ್ ಮುಂದಕ್ಕೆ ಸರಿಸಿದೆ. ಈ ಎರಡು ಬದಲಾವಣೆಗಳಿಂದಾಗಿ ಭಾರಕೇಂದ್ರವು ರೆಕ್ಕೆಯ ಮುಂಚೂಣಿಯಿಂದ 7 ಸೆಂಟಿಮೀಟರ್ ಹಿಂದೆ, ಅಂದರೆ ರೆಕ್ಕೆಯ ಅಗಲದ ಶೇಕಡಾ 29ರಷ್ಟರಲ್ಲಿ, ಒಂದು ಗ್ರಾಂ ಸೀಸವೂ ಇಲ್ಲದೆ ಬಂದು ನಿಂತಿತು. ಒಟ್ಟು ತೂಕ 2.4 ಕಿಲೋ.

ತೂಕದ ಬಗ್ಗೆ ಇಷ್ಟು ಹಟ ಏಕೆಂದರೆ, ನಾವು ಹಾರಿಸುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿ. ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಶೇಕಡಾ 8ರಷ್ಟಾದರೂ ತೆಳು, ಬೇಸಿಗೆಯಲ್ಲಿ ಇನ್ನೂ ತೆಳು. ರೆಕ್ಕೆಗೆ ಎತ್ತುವ ಬಲವೂ ಕಡಿಮೆ, ಪ್ರೊಪೆಲ್ಲರ್‌ಗೆ ಎಳೆಯುವ ಬಲವೂ ಕಡಿಮೆ. ಕಿಟ್ಟಿನೊಡನೆ ಬಂದ ಪುಸ್ತಿಕೆ ಸೂಚಿಸುವ 13 ಅಂಗುಲದ ಪ್ರೊಪೆಲ್ಲರ್ ಬಿಟ್ಟು ನಾನು 14x7, ಅಂದರೆ 14 ಅಂಗುಲ ವ್ಯಾಸ, 7 ಅಂಗುಲ ಪಿಚ್‌ನದನ್ನು ಹಾಕಿದೆ. ನಾಲ್ಕು ಸೆಲ್ಲಿನ ಬ್ಯಾಟರಿಯಲ್ಲಿ ಅದು 35 ಆಂಪಿಯರ್ ಎಳೆಯುತ್ತದೆ, 60 ಆಂಪಿಯರ್‌ನ ಇಎಸ್‌ಸಿಗೆ (ಮೋಟಾರಿನ ವೇಗ ನಿಯಂತ್ರಕ) ಅದೇನೂ ಹೊರೆಯಲ್ಲ.

ಪುಸ್ತಿಕೆಯ ದೊಡ್ಡ ಕೊರತೆ ರೆಕ್ಕೆಯ ತುದಿಗೆ ಕೊಡಬೇಕಾದ ವಾಶ್‌ಔಟ್ ಕುರಿತು ಒಂದು ಮಾತೂ ಇಲ್ಲದಿರುವುದು. ರೆಕ್ಕೆಯ ತುದಿಯು ಬುಡಕ್ಕಿಂತ ತುಸು ತಗ್ಗಿದ ಕೋನದಲ್ಲಿರದಿದ್ದರೆ, ನಿಧಾನಕ್ಕೆ ಇಳಿಯುವಾಗ ತುದಿಯೇ ಮೊದಲು ಸ್ಟಾಲ್ ಆಗಿ, ಅಂದರೆ ಎತ್ತುವ ಬಲ ಕಳೆದುಕೊಂಡು, ವಿಮಾನ ಒಂದು ಪಕ್ಕಕ್ಕೆ ಮಗುಚುತ್ತದೆ. ರೆಕ್ಕೆಯನ್ನು ಹಲಗೆಯ ಮೇಲೆ ಪಿನ್ನು ಚುಚ್ಚಿ ಕಟ್ಟುವಾಗಲೇ ತುದಿಯ ಹಿಂಚೂಣಿಯ ಕೆಳಗೆ 8 ಮಿಲಿಮೀಟರ್ ದಪ್ಪದ ಚಕ್ಕೆಯಿಟ್ಟು ಅಂಟು ಒಣಗಲು ಬಿಟ್ಟೆ. ಸುಮಾರು ಎರಡು ಡಿಗ್ರಿ ಸಿಕ್ಕಿತು. ಮಳೆಗಾಲದ ತೇವಕ್ಕೆ ಹೊದಿಕೆಯಿಲ್ಲದ ರೆಕ್ಕೆ ತಾನಾಗಿಯೇ ಸೊಟ್ಟಗಾಗುವ ಭಯವಿದ್ದುದರಿಂದ, ಅಕ್ಟೋಬರ್ ಮುಗಿಯುವವರೆಗೂ ಅದನ್ನು ಹಲಗೆಯಿಂದ ಬಿಡಿಸಲೇ ಇಲ್ಲ. ಊಟದ ಮೇಜು ಅಷ್ಟು ದಿನ ನನ್ನದಾಗಿತ್ತು. ಮನೆಯವರ ಸಹನೆಗೆ ಪುಸ್ತಿಕೆಯಲ್ಲಿ ಒಂದು ಪುಟವನ್ನಾದರೂ ಮೀಸಲಿಡಬೇಕಿತ್ತು. ರೆಕ್ಕೆ, ಮೈಗಳಿಗೆ ಪ್ಲಾಸ್ಟಿಕ್ ಫಿಲ್ಮ್ ಹೊದಿಸಲು ಹಳೆಯ ಇಸ್ತ್ರಿ ಪೆಟ್ಟಿಗೆ ಸಾಕಾಯಿತು, ತಂತಿ ಮತ್ತು ಕನೆಕ್ಟರ್‌ಗಳು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಸಿಕ್ಕವು. ಪಕ್ಕಗಳಲ್ಲಿ ಭಾರತದ ವಿಮಾನಗಳಿಗಿರುವ, ‘ವಿಟಿ’ ಎಂದು ಆರಂಭವಾಗುವ ನೋಂದಣಿ ಅಕ್ಷರಗಳನ್ನು ಅಂಟಿಸಿದ ಮೇಲೆ ಚೀಫ್ ಪುಷ್ಪಕ್ ಆಯಿತು.

ಜನವರಿಯಲ್ಲಿ, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯವೆಂದು ನೋಡಿಕೊಂಡು, ಮಾಗಡಿಯ ಕಡೆ ಪರಿಚಿತರೊಬ್ಬರ ರಾಗಿ ಕೊಯ್ಲಾದ ಹೊಲದಲ್ಲಿ ಹಾರಿಸಿದೆ. ಕೂಳೆಯ ನಡುವೆ ಸಮ ಮಾಡಿದ ಪಟ್ಟಿಯಲ್ಲಿ ಇಪ್ಪತ್ತು ಹೆಜ್ಜೆ ಓಡಿ ಮೇಲೆದ್ದಿತು. ರೆಕ್ಕೆಯ ಹಿಂಚೂಣಿಯ ಐಲೆರಾನ್ ಒಂದರಿಂದಲೇ ತಿರುಗಿಸಹೋದರೆ ಮೂತಿ ಎದುರು ದಿಕ್ಕಿಗೆ ವಾಲುತ್ತದೆ, ಆದ್ದರಿಂದ ಬಾಲದ ಚುಕ್ಕಾಣಿಯಾದ ರಡರನ್ನೂ ಜೊತೆಯಲ್ಲಿ ಕೊಡಲೇಬೇಕು. ಇದು ಕಿಟ್ಟಿನ ದೋಷವಲ್ಲ, ಆ ಕಾಲದ ವಿಮಾನಗಳ ಜಾಯಮಾನ. ಎತ್ತರದಲ್ಲಿ ಬೇಕೆಂದೇ ಸ್ಟಾಲ್ ಮಾಡಿ ನೋಡಿದಾಗ ಪಕ್ಕಕ್ಕೆ ಬೀಳದೆ, ಮೂತಿಯನ್ನು ಮೆಲ್ಲನೆ ತಗ್ಗಿಸಿ ಮತ್ತೆ ಹಾರತೊಡಗಿತು. ಮೊದಲ ಕಿಟ್ ಹುಡುಕುತ್ತಿರುವವರಿಗೆ ಇದನ್ನು ನಾನು ಹೇಳಲಾರೆ. ಎರಡು ವಿಮಾನಗಳನ್ನಾದರೂ ಕಟ್ಟಿ, ಒಂದನ್ನಾದರೂ ಮುರಿದವರು ಧಾರಾಳವಾಗಿ ಕೊಳ್ಳಬಹುದು.

ಅಂಗಡಿಯ ಬಗ್ಗೆ ಒಂದು ದೂರಿದೆ. ಮೂತಿಯನ್ನು ಮುಚ್ಚುವ ಪ್ಲಾಸ್ಟಿಕ್ ಕವಚ, ಕೌಲಿಂಗ್, ಪೆಟ್ಟಿಗೆಯಲ್ಲೇ ಸೀಳಿತ್ತು. ಅದೇ ದಿನ ಫೋಟೊ ಕಳಿಸಿದಾಗ ಹದಿನೈದು ದಿನಗಳಲ್ಲಿ ಬೇರೆಯದನ್ನು ಕೊಡುವುದಾಗಿ ಹೇಳಿದರು. ಒಳಗಡೆ ಫೈಬರ್‌ಗ್ಲಾಸ್ ಬಟ್ಟೆ, ಎಪಾಕ್ಸಿ ಹಾಕಿ ತೇಪೆ ಹಚ್ಚಿದ ಆ ಕೌಲಿಂಗ್‌ನಲ್ಲೇ ವಿಮಾನ ಈವರೆಗೆ ಹನ್ನೊಂದು ಸಲ ಹಾರಿದೆ, ಹೊಸದು ಇನ್ನೂ ಬಂದಿಲ್ಲ.