ಚಷ್ಮಾ ತೆಗೆದಿಟ್ಟು ಓದಿದೆ

ಪುಣೆಯ ಲಕ್ಷ್ಮೀ ರಸ್ತೆಯ ಚಷ್ಮಾ ಅಂಗಡಿಯೊಂದರಲ್ಲಿ, ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಮೇಲೇ ಚಿತ್ರ ಮೂಡಿಸುವ ಲೇಸರ್ ಕನ್ನಡಕ ಹಾಕಿ ನೋಡಿದೆ. ನನ್ನ ನಂಬರು ಮೈನಸ್ 9. ಚಷ್ಮಾ ತೆಗೆದರೆ ಎದುರು ಕೂತ ಅಣ್ಣನ ಮುಖವೂ ಮಸುಕು. ಆದರೂ ಈ ಕನ್ನಡಕ ಮೂಡಿಸಿದ ಅಕ್ಷರಗಳು ಒತ್ತಿನ ಬಾಲದವರೆಗೂ ಚೂಪಾಗಿ ಕಂಡವು! ತೀರಾ ಸಣ್ಣ ಕಿರಣ ಪಾಪೆಯ ನಡುವಿನಿಂದ ಹಾದುಹೋಗುವುದರಿಂದ, ಕಣ್ಣಿನ ಮಸೂರಕ್ಕೆ ಫೋಕಸ್ ಮಾಡುವ ಕೆಲಸ ಬಹುಪಾಲು ಉಳಿಯುವುದೇ ಇಲ್ಲ. ಬೆಳಕನ್ನು ಪಾಪೆಯಲ್ಲಿ ಒಂದು ಚುಕ್ಕೆಯಾಗಿ ಕೂಡಿಸುವ, 19ನೇ ಶತಮಾನದ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್‌ನ ವಿಧಾನವೇ ಇದರ ತಾಯಿಬೇರು. ತೊಂದರೆಯೂ ಅಲ್ಲೇ: ಕಣ್ಣು ತುಸು ಹೊರಳಿದರೂ ಕಿರಣ ಪಾಪೆ ತಪ್ಪಿ ಚಿತ್ರ ಮಾಯ. ಮೂಗಿನ ಪ್ಯಾಡ್ ಹೊಂದಿಸಲು ಅಂಗಡಿಯ ಹುಡುಗನಿಗೆ 20 ನಿಮಿಷ ಹಿಡಿಯಿತು. ಪಾಪ, ಒಂದಿಷ್ಟೂ ಬೇಸರಿಸಲಿಲ್ಲ. ಅವ್ವನ ರೆಟಿನಾವೇ ಹಾಳಾಗಿದೆ. ಅಂಥವರಿಗೆ ಇದು ಕೆಲಸಕ್ಕೆ ಬಾರದು ಎಂದು ಮಾಲೀಕರು ಮೊದಲೇ ಹೇಳಿದ್ದು ನನಗೆ ತುಂಬ ಹಿಡಿಸಿತು.