ಫಿಗಾರೊನ ಐದು ಚಿತ್ರ: ಕೇಲ್‌ನದೋ, ಪ್ಯಾರಿಸ್‌ನದೋ?

ಫ್ರೆಂಚ್ ನಾಟಕಕಾರ ಬೊಮಾರ್ಶೆಯ ಹಾಸ್ಯನಾಟಕ 'ಫಿಗಾರೊನ ಮದುವೆ' ಮೊದಲ ಸಲ ಸಾರ್ವಜನಿಕವಾಗಿ ರಂಗಕ್ಕೆ ಬಂದದ್ದು 1784ರ ಏಪ್ರಿಲ್ 27ರಂದು, ಪ್ಯಾರಿಸ್‌ನಲ್ಲಿ. ಮರುವರ್ಷವೇ ಪುಸ್ತಕವಾಯಿತು. ಐದು ಅಂಕ, ಅಂಕಕ್ಕೊಂದರಂತೆ ಐದು ಚಿತ್ರ. ಎಲ್ಲವನ್ನೂ ಬರೆದವನು ಸೇಂಟ್-ಕಾಂಟಿನ್ ಎಂಬ ಕಲಾವಿದ. ಆದರೆ ಆ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೆತ್ತಿದವರು ಬೇರೆ ಬೇರೆ. ಜರ್ಮನಿಯ ಕೇಲ್ ಊರಿನ ಮುದ್ರಣಕ್ಕೆ ಆಲ್ಬು, ಲಿಯೆನಾರ್, ಲ್ಯಾಂಜೆ ಕೆತ್ತಿದರು. ಪ್ಯಾರಿಸ್‌ನ ಮುದ್ರಣಕ್ಕೆ ಹೆಚ್ಚಿನವನ್ನು ಮಲಪೊ ಕೆತ್ತಿದ. ನಾನು ಎರಡರ ಹಾಳೆಗಳನ್ನೂ ಕೊಂಡೆ, ವರ್ಷಗಟ್ಟಲೆ ಅಕ್ಕಪಕ್ಕ ಇಟ್ಟು ನೋಡಿದೆ.

ಮೊದಲ ಅಂಕದ ಚಿತ್ರದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಹುಡುಗ ಶೆರುಬಿನ್ ಕುರ್ಚಿಯಲ್ಲಿ ಮುದುಡಿ ಕೂತಿದ್ದಾನೆ, ಮೇಲೆ ಸೇವಕಿ ಸುಸಾನ್‌ಳ ಉಡುಪು ಹೊದಿಸಿದೆ. ಅವನನ್ನು ಇನ್ನೊಂದು ಮನೆಯಲ್ಲಿ ಪರದೆ ಎತ್ತಿ ಹಿಡಿದುಹಾಕಿದ್ದು ಹೇಗೆ ಅಂತ ಮನೆಯ ಯಜಮಾನ ಕೌಂಟ್ ಅಭಿನಯಿಸಿ ತೋರಿಸುತ್ತಾನೆ. ಹಾಗೆ ತೋರಿಸುತ್ತಾ ಈ ಉಡುಪನ್ನು ಎತ್ತುತ್ತಾನೆ. ಹುಡುಗ ಅಲ್ಲೇ ಇದ್ದಾನೆ! ನಗು ಹುಟ್ಟುವುದು ಆ ಒಂದು ಗಳಿಗೆಯಲ್ಲಿ. ಹಾಗಾಗಿ ಕೌಂಟ್‌ನ ಮುಖ ಸರಿಯಾಗಿ ಬರಲೇಬೇಕು, ಅಲ್ವಾ? ನನ್ನ ಕೇಲ್ ಹಾಳೆಯಲ್ಲಿ ಬಂದಿದೆ. ಗೆರೆ ತೆಳು, ನೆರಳು ಹಂತಹಂತವಾಗಿ ಇಳಿಯುತ್ತದೆ, ಬಟ್ಟೆಯ ಮಡಿಕೆಯಲ್ಲಿ ಕೂಡ ಜೀವ ಇದೆ. ಮಲಪೊನ ಹಾಳೆಯಲ್ಲಿ ಗೆರೆ ಸ್ವಲ್ಪ ಗಡಸು. ಕಥೆ ಅರ್ಥವಾಗುತ್ತದೆ, ಆದರೆ ಬೆಚ್ಚಿಬಿದ್ದ ಆ ಕಣ್ಣು ಸಿಗುವುದಿಲ್ಲ.

ಹಾಗಂತ ಪ್ಯಾರಿಸ್‌ನದನ್ನು ತಳ್ಳಿಹಾಕಬೇಡಿ. ನನಗೆ ಅದು ಪೂರ್ತಿ ಸೆಟ್ ಆಗಿ ಸಿಕ್ಕಿತು, ಬೆಲೆಯೂ ಕಡಿಮೆ ಇತ್ತು. ಕೇಲ್‌ನ ಹಾಳೆಗಳನ್ನು ಒಂದೊಂದಾಗಿ ಹುಡುಕಿ ಸೇರಿಸಬೇಕಾಯಿತು. ಇದರಲ್ಲಿ ನನಗೆ ನೋವಿನ ಸಂಗತಿಯೂ ಒಂದಿದೆ. ಬಿಡಿ ಹಾಳೆ ಅಂದರೆ ಎಷ್ಟೋ ಸಲ ಯಾರೋ ಯಾವತ್ತೋ ಒಂದು ಒಳ್ಳೆಯ ಪುಸ್ತಕವನ್ನು ಹರಿದಿದ್ದಾರೆ ಅಂತ ಅರ್ಥ. ಕೈಯಲ್ಲಿ ಹಣವಿದ್ದರೆ ಪುಸ್ತಕದ ಸಮೇತವೇ ತಗೊಳ್ಳಿ.

ಒಮ್ಮೆ ಮೋಸವೂ ಹೋದೆ. 'ಮೂಲ ಹಾಳೆ' ಎಂದು ಒಬ್ಬ ವ್ಯಾಪಾರಿಯಿಂದ ಕೊಂಡದ್ದನ್ನು ಮನೆಗೆ ತಂದು ಭೂತಗನ್ನಡಿ ಹಿಡಿದು ನೋಡಿದರೆ ಬರೀ ಚುಕ್ಕಿ! ಅಂದರೆ ಫೋಟೊ ತೆಗೆದು ಅಚ್ಚು ಹಾಕಿದ ನಕಲು. ತಾಮ್ರದಿಂದ ಬಂದ ಗೆರೆ ಹಾಗಿರುವುದಿಲ್ಲ. ಅದು ಕಡಿಯದೆ ಹರಿಯುತ್ತದೆ, ಶಾಯಿ ಕಾಗದದ ಮೇಲೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಬೆರಳಿನ ತುದಿಗೆ ಗೊತ್ತಾಗುತ್ತದೆ. ತಗಡು ಒತ್ತಿದ ಗುರುತೂ ಸುತ್ತ ಇರಬೇಕು, ಆದರೆ ಅಂಚು ಕತ್ತರಿಸಿದ್ದರೆ ಅದು ಹೋಗಿರುತ್ತದೆ. ಈಗ ನಾನು ಭೂತಗನ್ನಡಿ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುತ್ತೇನೆ.

ಮೂರನೆಯ ದಾರಿಯೂ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ಎರಡನೆಯ ಅಂಕದಲ್ಲಿ ಶೆರುಬಿನ್ ಹಾಡುತ್ತಾನೆ. ಕೌಂಟ್‌ನ ಹೆಂಡತಿ ಕೌಂಟೆಸ್ ಕೂತು ಹಾಡಿನ ಹಾಳೆ ಹಿಡಿದಿದ್ದಾಳೆ, ಅವಳ ಕುರ್ಚಿಯ ಹಿಂದೆ ಸುಸಾನ್ ಗಿಟಾರ್ ಹಿಡಿದು ನಿಂತಿದ್ದಾಳೆ. ಈ ದೃಶ್ಯ ಚಿತ್ರಕಾರ ವ್ಯಾನ್ ಲೂನ 'ಸ್ಪ್ಯಾನಿಷ್ ಸಂಭಾಷಣೆ' ಚಿತ್ರದ ಅಚ್ಚಿನಂತೆಯೇ ಕಾಣಬೇಕು ಎಂದು ಬೊಮಾರ್ಶೆಯೇ ರಂಗಸೂಚನೆಯಲ್ಲಿ ಬರೆದಿದ್ದಾನೆ. ಅಂದರೆ ನಾಟಕಕ್ಕಾಗಿ ಕೆತ್ತಿದ ಚಿತ್ರವಲ್ಲ ಅದು, ನಾಟಕವೇ ಆ ಚಿತ್ರವನ್ನು ನೋಡಿ ನಡೆದದ್ದು. ಬೊವಾರ್ಲೆ ಕೆತ್ತಿದ ಆ ದೊಡ್ಡ ಹಾಳೆ ಗೋಡೆಗೆ ಚೆನ್ನಾಗಿ ಒಪ್ಪುತ್ತದೆ. ಪುಸ್ತಕದ ಪುಟ್ಟ ಹಾಳೆಗಳು ಗೋಡೆಯ ಮೇಲೆ ಕಳೆದುಹೋಗುತ್ತವೆ. ಅವನ್ನು ಕೈಯಲ್ಲೇ ಹಿಡಿದು ನೋಡಬೇಕು. ಸುಮ್ನೆ ಒಂದೇ ಚೌಕಟ್ಟು ಹಾಕಿಸುವ ಆಸೆಯಿದ್ದವರಿಗೆ ನಾನು ಹೇಳುವುದು ಬೊವಾರ್ಲೆಯನ್ನೇ.

ನಾನು ಮಾತ್ರ ಪ್ಯಾರಿಸ್ ಸೆಟ್ಟನ್ನು ಮಾರಿ ಕೇಲ್‌ನ ಹಾಳೆಗಳನ್ನು ಇಟ್ಟುಕೊಂಡೆ. ನಾಲ್ಕು ಸಿಕ್ಕಿವೆ. ಮೂರನೆಯ ಅಂಕದ್ದು ಇನ್ನೂ ಸಿಗಬೇಕು.