ಹಳೆಯ ಪತ್ರಗಳ ದೃಢೀಕೃತ ನಕಲು: ನೋಂದಣಿ ಕಚೇರಿಯ ಸೇವೆಯ ಬಗ್ಗೆ

ಉಪನೋಂದಣಾಧಿಕಾರಿ ಕಚೇರಿಯಿಂದ ಹಳೆಯ ಪತ್ರಗಳ ದೃಢೀಕೃತ ನಕಲನ್ನು ಜನ ಸಾಮಾನ್ಯವಾಗಿ ಬ್ಯಾಂಕ್ ಸಾಲಕ್ಕೋ ಕೋರ್ಟಿನ ವ್ಯಾಜ್ಯಕ್ಕೋ ತೆಗೆಸುತ್ತಾರೆ. ನಾವು ಅದನ್ನು ತೆಗೆಸಿದ್ದು ಮನೆಯ ಹಿರಿಯರು ಬಾಯಿ ಬಿಡದ ಒಂದು ಸಂಗತಿಯನ್ನು ತಿಳಿಯಲು. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ, ಸ್ಥಿರಾಸ್ತಿಯ ಪತ್ರಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಮನೆಯೊಳಗೆ ಯಾರೂ ಎತ್ತದ ಮಾತು ಕಚೇರಿಯಲ್ಲಿ ಇಷ್ಟು ವರ್ಷ ಊರಿಗೆಲ್ಲ ತೆರೆದೇ ಇತ್ತಲ್ಲ ಎಂಬುದು ನನ್ನನ್ನು ಬಹಳ ಕಾಡಿತು.

ಸೋದರತ್ತೆ ಮದುವೆಯಾದ ಮೇಲೆ ತವರಿಗೆ ಬರುವುದನ್ನೇ ಬಿಟ್ಟದ್ದಕ್ಕೆ ಒಡವೆಯ ಜಗಳ ಕಾರಣವೆಂದು ಕೇಳಿಕೊಂಡೇ ನಾವು ಬೆಳೆದೆವು. ಕೈಗೆ ಬಂದದ್ದು 1996ರ ಹಕ್ಕುಬಿಡುಗಡೆ ಪತ್ರ. 1994ರ ಜುಲೈ 30ರಂದು ಕರ್ನಾಟಕದಲ್ಲಿ ಜಾರಿಗೆ ಬಂದ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯು, ಅಷ್ಟರೊಳಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತ್ತು. ಅತ್ತೆಯ ಮದುವೆ ನಿಶ್ಚಯವಾದ ಕೂಡಲೇ ತಾತ ಆ ಹಕ್ಕನ್ನು ಬಿಡಿಸಿಕೊಂಡಿದ್ದರು. ಅರಿಶಿನ ಕುಂಕುಮದ ಬಾಬ್ತು ಹಣ ಸಂದಿದೆಯೆಂದೂ, ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ಬರೆದುಕೊಟ್ಟಿದ್ದೇನೆಂದೂ ಪತ್ರ ಹೇಳುತ್ತದೆ. ಚೆಕ್ಕುಬಂದಿಯ, ಅಂದರೆ ಆಸ್ತಿಯ ನಾಲ್ಕೂ ದಿಕ್ಕಿನ ಎಲ್ಲೆಗಳ ವಿವರದ ಕೆಳಗೆ ದುಂಡಗಿನ ಎಳೆಯ ಅಕ್ಷರದಲ್ಲಿ ಅತ್ತೆಯ ಸಹಿ, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು, ಸಾಕ್ಷಿಯಾಗಿ ನಮ್ಮ ತಂದೆಯ ರುಜು.

ಅದು ಮದುವೆಯ ಕಾಗದವೆಂದು ಹೇಳಿ ತಂಗಿಯಿಂದ ಸಹಿ ಹಾಕಿಸಿದ್ದನ್ನು ತಂದೆ ಈ ನಕಲು ನೋಡಿದ ದಿನ ಒಪ್ಪಿಕೊಂಡರು, ನಕಲನ್ನು ಹಿಡಿದು ತಾವೇ ಆಕೆಯ ಮನೆಗೆ ಹೋದರು. ಅತ್ತೆಗೆ ವಿಷಯ ಮೊದಲಿನಿಂದಲೂ ತಿಳಿದಿತ್ತು. "ಭೂಮಿ ಕೇಳಿದ್ದರೆ ನಾನೇ ಕೊಡುತ್ತಿದ್ದೆ ಅಣ್ಣಾ, ನೀನು ಸಾಕ್ಷಿ ಹಾಕಿದೆಯಲ್ಲ" ಎಂದಷ್ಟೇ ಅಂದರು. ತಾತನನ್ನು ಎಂದೋ ಮನ್ನಿಸಿದ್ದ ಅವರು, ಅಣ್ಣ ತಾನಾಗಿ ಬಂದು ಕ್ಷಮೆ ಕೇಳಲೆಂದು ಕಾದಿದ್ದರು. ತೋಟದಲ್ಲಿ ಅವರ ಪಾಲನ್ನು ದಾನಪತ್ರದ ಮೂಲಕ ಹಿಂದಿರುಗಿಸಲು ತಂದೆ ಈಗ ಸಿದ್ಧತೆ ನಡೆಸಿದ್ದಾರೆ.

ಇನ್ನು ಸೇವೆಯ ಮಾತು. ನಕಲು ಸ್ಪಷ್ಟವಾಗಿತ್ತು, ಪ್ರತಿ ಪುಟಕ್ಕೂ ಮೊಹರು ಇತ್ತು. 2004ರಿಂದ ಈಚಿನ ಪತ್ರಗಳನ್ನು ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಹುಡುಕಬಹುದು. ನಮ್ಮದು ಅದಕ್ಕೂ ಹಳೆಯದಾದ್ದರಿಂದ ಕಚೇರಿಗೇ ಅಲೆಯಬೇಕಾಯಿತು. ಸೂಚಿ ಪುಸ್ತಕದಲ್ಲಿ ತಾತನ ಹೆಸರು ಬೇರೆ ರೀತಿ ನಮೂದಾಗಿ ಹುಡುಕಾಟ ಬಹಳ ತಡವಾಯಿತು, ಮತ್ತು ಇಂಥ ಕಡೆ ವಯಸ್ಸಾದವರಿಗೆ ನೆರವಾಗುವವರು ಯಾರೂ ಇಲ್ಲದಿರುವುದು ನಿಜಕ್ಕೂ ದೊಡ್ಡ ಕೊರತೆ. ಸರ್ವೆ ನಂಬರು, ಅಂದಾಜು ವರ್ಷ ಮತ್ತು ಹಿರಿಯರ ಹೆಸರಿನ ಎಲ್ಲ ರೂಪಗಳನ್ನೂ ಬರೆದುಕೊಂಡು ಹೋಗುವುದು ಒಳ್ಳೆಯದು. ಪತ್ರದ ಭಾಷೆ ತಿಳಿಯದಿದ್ದರೆ ಅನುಭವಿ ಪತ್ರ ಬರಹಗಾರರೊಬ್ಬರಿಂದ ಓದಿಸಿಕೊಳ್ಳಿ, ಮತ್ತು ವಕೀಲರ ನೋಟಿಸಿನ ಯೋಚನೆಗೂ ಮೊದಲು ಅದರಲ್ಲಿ ಹೆಸರಿರುವವರ ಎದುರು ಒಮ್ಮೆ ಕುಳಿತು ಮಾತನಾಡಿ.